ಎಷ್ಟನೇ ರ‍್ಯಾಂಕು

ಶಹಾಬಾದಿನಲ್ಲಿ ಬಸ್ಸಿಳಿದರೆ ಮೊದಲು ಸಿಗುವುದು
ಹಲ್ಲಿನ ಸಂದಿಯಲ್ಲಿ ಕರಕರ ಎನ್ನುವ ಕಲ್ಲಿನ ಹಿಟ್ಟು,
ಆಮೇಲೆ ಚಾಂದಬಿ.
"ಯಾವಾಗ ಬಂದೀ ಯವ್ವಾ, ಓದು ಎಲ್ಲೀತನ ಬಂತು,
ಎಷ್ಟನೇ ರ‍್ಯಾಂಕು?"

ಹತ್ತನೆಯ ತರಗತಿಯಲ್ಲಿ ನನಗೆ ರ‍್ಯಾಂಕಿರಲಿಲ್ಲ.
ಆ ವರ್ಷ ಜಿಲ್ಲೆಗಳ ಪಟ್ಟಿಯಲ್ಲಿ ನಮ್ಮನ್ನು ಹುಡುಕಲು
ಪೇಪರನ್ನು ಕೆಳಗಿನಿಂದ ಓದಬೇಕಿತ್ತು.
ಈಗ ಮಾತ್ರ ತಡವರಿಸದೆ ಹೇಳಿದೆ:
ಕಡಿಮೆ ಅಂದರೂ ಎರಡು.
"ಎರಡನೇದಾ!" ಅವಳು ಬೆಲ್ಲ ತರಲು ಒಳಗೆ ಓಡಿದಳು.

ನನ್ನದಲ್ಲ ಚಾಂದಬೀ, ಒಂದು ವಕ್ರರೇಖೆಯದು.
ಹೆಸರಿನಲ್ಲಿ ದೀರ್ಘವೃತ್ತ ಇದೆ, ಮೈಯಲ್ಲಿ ಇಲ್ಲ.

ಶುರುವಾದದ್ದು ಅಪ್ಪನ ಒಡೆದ ಕಲ್ಲಿನಿಂದ.
ಕಲಬುರಗಿಯ ಯಾವುದೋ ಮದುವೆ ಹಾಲಿಗೆ
ಮುಕ್ಕೋನಿ ಫರಸಿ ಬೇಕಿತ್ತು, ಮೂರೂ ಬದಿ ಎಂಟೆಂಟು ಇಂಚು.
ಒಂದಕ್ಕೆ ತುದಿಯಿಂದ ಎದುರು ಬದಿಗೆ ಬಿರುಕು ಹೋಯಿತು.
ಬದಿ ಒಡೆದದ್ದು ಮೂರಕ್ಕೆ, ಉಳಿದದ್ದು ಐದು.
ಬಿರುಕನ್ನು ಅಳೆದರೆ ಏಳು.
ಏಳೂ ಚಿಲ್ಲರೆ ಅಲ್ಲ. ಏಳು.
ನಾಲ್ಕನೇ ಇಯತ್ತೆ ಬಿಟ್ಟ ಹುಸೇನಪ್ಪ
ಮಷೀನು ಬಂದ್ ಮಾಡಿ ಟೇಪು ಹಿಡಿದ, ಮತ್ತೆ ಹಿಡಿದ:
"ಮೂಲಿಮಟ್ಟಕ್ಕ ಕೂಡೋ ಮೂಲಿ ಅಲ್ಲ ಇದು,
ಅಂದ್ರೂ ಲೆಕ್ಕ ಹೆಂಗ ಕೂಡ್ತದ?"

ಮೂಲೆ ನೆಟ್ಟಗಿದ್ದರೆ ಪ್ರಶ್ನೆ ಬಹಳ ಹಳೆಯದು:
ಬದಿಗಳೆಲ್ಲ ಪೂರ್ಣಸಂಖ್ಯೆಯೋ ಭಿನ್ನರಾಶಿಯೋ ಆಗಿ
ತ್ರಿಕೋನದ ಹೊಟ್ಟೆಯಲ್ಲಿ ಯಾವ ಸಂಖ್ಯೆ ಹಿಡಿಯುತ್ತದೆ?
ಆರು ಸಲೀಸು. ಐದು ಒಂದೂವರೆಯಿಂದ ಶುರುವಾಗಿ
ಆರರ ಛೇದಕ್ಕೆ ನಲವತ್ತೊಂದನ್ನು ಕೇಳುತ್ತದೆ.
ಒಂದು, ಪಾಪ, ಎಂದೂ ಹಿಡಿಯುವುದಿಲ್ಲ.
ನಾನು ಮೂಲೆಯನ್ನು ಅರವತ್ತಕ್ಕೆ ಬಗ್ಗಿಸಿ ಅದನ್ನೇ ಕೇಳಿದೆ.
ಮೂರರ ವರ್ಗಮೂಲವನ್ನು ಬದಿಗಿಟ್ಟರೆ
ಅಪ್ಪನ ಒಂದು ತುಂಡು ಆರು, ಇನ್ನೊಂದು ಹತ್ತು.

ಒಂದೊಂದು ಸಂಖ್ಯೆಗೆ ಒಂದೊಂದು ವಕ್ರರೇಖೆ.
ಫರಸಿ ಹಾಸುವಾಗ ಅಪ್ಪ ಗೂಟದಿಂದ ಗೂಟಕ್ಕೆ ಸೂತ್ರ ಎಳೆಯುತ್ತಾನೆ,
ನಾನೂ ಬಿಂದುವಿನಿಂದ ಬಿಂದುವಿಗೆ.
ಅದು ಮುಂದೆ ಹೋಗಿ ಮೂರನೆಯದನ್ನು ತಟ್ಟುತ್ತದೆ,
ಅದನ್ನು ಬೋರಲು ಮಾಡಿ ಮತ್ತೆ ಎಳೆ, ಮತ್ತೆ ಎಳೆ.
ಎಷ್ಟು ಗೂಟ ಬಡಿದರೆ ಇಡೀ ಅಂಗಳ ಕೈಗೆ ಬರುತ್ತದೋ
ಅದು ರ‍್ಯಾಂಕು.
ಇಲ್ಲಿ ನಾಲ್ಕು ಎರಡಕ್ಕಿಂತ ದೊಡ್ಡದು ಚಾಂದಬೀ.
ಸೊನ್ನೆ ಬಂದ ಮನೆಯಲ್ಲಿ
ಎಣಿಸಿಟ್ಟ ನಾಲ್ಕಾರು ಬಿಂದು, ಮುಗಿಯಿತು.

ಗೂಟ ಇನ್ನೂ ಇವೆಯೋ ತಿಳಿಯಲು ಕೆಳಗಿಳಿಯಬೇಕು.
ವಿಧಾನದ ಹೆಸರೂ ಇಳಿತವೇ.
ಅವ್ವ ಕಲ್ಲು ಹೊತ್ತ ಖಣಿಯಲ್ಲೂ ಹಾಗೆ,
ಪದರು ತೆಗೆದರೆ ಪದರು,
ಕೊನೆಗೆ ಹಸಿರು ನೀರು.
ಆ ನೀರಿನ ಮೇಲೆ ನಿಂತು ನನ್ನ ಲೆಕ್ಕ ಹೇಳುತ್ತದೆ:
ನಾಲ್ಕಕ್ಕಿಂತ ಹೆಚ್ಚಿಲ್ಲ.
ಕೈಗೆ ಸಿಕ್ಕವು ಎರಡು.
ಮೂರಾಗಲಾರದು ಎಂದು ನಂಬಿದ್ದೇವೆ, ತೋರಿಸಿಲ್ಲ.
ಉಳಿದ ಎರಡು ಕಲ್ಲೋ ಕಲ್ಲಿನ ನೆರಳೋ,
ಮೂರು ವರ್ಷದಿಂದ ಹಗ್ಗ ಬಿಡುತ್ತಿದ್ದೇನೆ.

ಆ ಒಡೆದ ಫರಸಿ ನಮ್ಮ ಬಚ್ಚಲಿನಲ್ಲಿದೆ,
ಏಳಿಂಚು ಬಿರುಕಿಗೆ ಬಿಳಿ ಸಿಮೆಂಟು ತುಂಬಿ.
ಅಪ್ಪ ಅದರ ಮೇಲೆಯೇ ಕಾಲು ತೊಳೆಯುತ್ತಾನೆ.

ಬೆಲ್ಲದ ಜೊತೆ ಕಲ್ಲಿನ ಹಿಟ್ಟೂ ಅಗಿಯುತ್ತ ನಿಂತಿದ್ದೆ.
ಚಾಂದಬಿ ಸೆರಗಿಗೆ ಕೈ ಒರೆಸಿ ಕೇಳಿದಳು:
"ಅಲ್ಲಬೇ, ಮೊದಲನೇದು ಯಾರಿಗಿ ಬಂತು?"