ದೂರು ಪುಸ್ತಕದ ನಲವತ್ತೊಂದನೇ ಪುಟ

ಕೊರಟಗೆರೆ ದಾರಿಯ ತಿರುವಿನಲ್ಲಿ
ಬಸ್ಸು ಹುಣಸೆಮರಕ್ಕೆ ಒರಗಿ ನಿಂತಿತ್ತಂತೆ,
ದಣಿದವರು ನಿಲ್ಲುವ ಹಾಗೆ.
ಸತ್ತವರಿಲ್ಲ. ಒಬ್ಬಾಕೆಯ ಮುಂಗೈ ಮುರಿದಿತ್ತು,
ಅವಳ ಬುಟ್ಟಿಯ ಕಾಕಡ ರಸ್ತೆಯ ಪಾಲು.

ಸುದ್ದಿ ತುಮಕೂರು ಡಿಪೋ ಮುಟ್ಟುವಷ್ಟರಲ್ಲಿ
ನಾನು ಬೀರುವಿನಿಂದ ಹೊಸ ಪುಸ್ತಕ ತೆಗೆದಿದ್ದೆ.
ಹದಿನೆಂಟು ವರ್ಷದ ಗುಮಾಸ್ತ; ಯಾರೂ ಹೇಳಿಕೊಡಬೇಕಿರಲಿಲ್ಲ.
ಹಳೆಯದರ ನಲವತ್ತೊಂದನೇ ಪುಟದಲ್ಲಿ
ಮೆಕ್ಯಾನಿಕ್ ನಯಾಜ್‌ನ ಗ್ರೀಸು ಮೆತ್ತಿದ ಹೆಬ್ಬೆರಳ ಗುರುತು,
ಕೋಳಿ ಕೆದಕಿದಂಥ ಅಕ್ಷರ:
‘ಬ್ರೇಕ್ ಎಡಕ್ಕೆ ಎಳೀತದೆ. ಗಾಡಿ ನಿಲ್ಲಿಸಬೇಕು.’
ಕೆಳಗೆ ಹಸಿರು ಶಾಯಿ: ‘ಸಂಜೆ ನೋಡೋಣ. ಕಳಿಸಿ.’

ಹಸಿರು ಶಾಯಿ ಇಡೀ ಡಿಪೋಗೆ ಒಂದೇ ಪೆನ್ನಿನದು.

ಗಂಗಹನುಮಯ್ಯನವರು ದೊಡ್ಡ ಮನುಷ್ಯರೇನಲ್ಲ.
ಮುಂಗೋಪಿ. ಟೀ ಆರಿದ್ದರೆ ಲೋಟ ಕುಕ್ಕುವರು.
ನನ್ನ ಮಗಳ ನಾಮಕರಣಕ್ಕೆ ರಜೆ ಕೊಡದವರು.
ಅವರ ಮಾತಿಗೆ ಯಾರೂ ಚಪ್ಪಾಳೆ ತಟ್ಟಿದ್ದಿಲ್ಲ,
ಮೈಕು ಕಂಡರೆ ಗಂಟಲು ಒಣಗುತ್ತಿತ್ತು.

‘ಸಾರ್, ಪುಸ್ತಕ ಬದಲಾಯಿಸಿದರಾಯ್ತು,’ ಎಂದೆ.
‘ಡಿವಿಜನ್ನಿನವರು ನಯಾಜ್ ಹೆಸರು ಬರಕೊಂಡು ಹೋಗ್ತಾರೆ.
ಚಿಕ್ಕ ಹುಡುಗ, ತಡಕೊಂತಾನೆ.’
ತಡಕೊಂತಾನೆ ಎಂಬ ಮಾತು
ಎಷ್ಟು ಸಲೀಸಾಗಿ ಬಂತೆಂದು
ಈಗ ಬೆಚ್ಚುತ್ತೇನೆ. ಆಗ ಇಲ್ಲ.

ಅವರು ತುಂಬ ಹೊತ್ತು ಸುಮ್ಮನಿದ್ದರು.
ಆಸೆಪಟ್ಟರು, ಸುಳ್ಳು ಹೇಳಬಾರದು;
ಹೊಸ ಪುಸ್ತಕದ ಬೈಂಡನ್ನು ಒಮ್ಮೆ ಸವರಿದರು,
ಇನ್ನೆರಡು ವರ್ಷಕ್ಕೆ ಪಿಂಚಣಿ ಇದ್ದವರು.
ಹೊರಗೆ ಶಿರಾ ಗಾಡಿ ಹಾರ್ನ್ ಹೊಡೆಯಿತು.

‘ಒಳಗಿಡು ಅದನ್ನ,’ ಅಂದರು.
‘ನಾಳೆಯಿಂದ ಯಾರು ಬರೀತಾರಯ್ಯ
ನಿಜವಾದ ದೂರು?’

ಟೈಪು ಮಾಡಿಸಿದ್ದು ಎರಡೇ ಸಾಲು:
ಮೆಕ್ಯಾನಿಕ್ ಬೇಡವೆಂದು ಬರೆದಿದ್ದ.
ಕಳಿಸಿ ಎಂದವನು ನಾನು.
ಶೆಡ್ಯೂಲು ತಪ್ಪಬಾರದೆಂದು ಮೇಲಿನಿಂದ ಒತ್ತಡವಿತ್ತೆಂದು
ನಾನೊಂದು ಸಾಲು ಸೇರಿಸಿದೆ. ಹೊಡೆದು ಹಾಕಿದರು.
ಜಿಲ್ಲಾಸ್ಪತ್ರೆಗೆ ಹೋಗಿ ಆ ಹೂವಿನಾಕೆಯಿಂದ
ಬೈಸಿಕೊಂಡು ಬಂದರು. ಏನು ಬೈದಳೋ, ಹೇಳಲಿಲ್ಲ.

ಎರಡು ಇನ್‌ಕ್ರಿಮೆಂಟು ಹೋಯಿತು. ಪಾವಗಡಕ್ಕೆ ವರ್ಗ.
ಬೀಳ್ಕೊಡುಗೆಗೆ ಅರ್ಧ ಡಿಪೋ ಬರಲಿಲ್ಲ,
ಬಂದವರು ಉಪ್ಪಿಟ್ಟು ಚೆನ್ನಾಗಿದೆ ಎಂದರು.

ಆದರೆ ಆ ತಿಂಗಳು ಪುಸ್ತಕ ಬೇಗ ತುಂಬಿತು.
ವೈಪರ್ ಇಲ್ಲ. ಸ್ಟೇರಿಂಗ್ ಸಡಿಲ. ಹಿಂದಿನ ಟೈರು ಬೋಳು.
ಎಂದೂ ಪೆನ್ನು ಮುಟ್ಟದ ಡ್ರೈವರ್ ರಂಗಧಾಮ ಕೂಡ ಬರೆದ,
ಕಾಗುಣಿತ ತಪ್ಪಿ, ಹೆಸರು ಹಾಕಿ.

ಈಗ ಸಹಿಯ ಕುರ್ಚಿ ನನ್ನದು.
ಬೆಳಗಿನ ಐದೂಕಾಲಿಗೆ ನಯಾಜ್ ಪುಸ್ತಕ ತಂದಿದ್ದಾನೆ:
ಮಧುಗಿರಿ ಗಾಡಿ, ಕ್ಲಚ್ಚು.
ಸ್ಟ್ಯಾಂಡಿನಲ್ಲಿ ಜನ ಕಾಯುತ್ತಿದ್ದಾರೆ.
ಒಂದೇ ಪದ ಬರೆಯಬೇಕು.
ನನ್ನ ಕಣ್ಣು ಬೀರುವಿನ ಕಡೆಗೆ ವಾಲುತ್ತದೆ, ಇವತ್ತಿಗೂ;
ಅವನ ಕಣ್ಣು
ನನ್ನ ಪೆನ್ನಿನ ಮೊನೆಯ ಮೇಲಿದೆ.