ಕಚ್ಚಾ ಕೆಂಪು

ಟಿಕೀಟಿಲ್ಲ, ಒಳಗೆ ಬನ್ನಿ ಅಂದ ಬಾಗಿಲ ಹುಡುಗ.
ನಿಂಬೆವ್ವ ಚಪ್ಪಲಿ ಬಿಟ್ಟಳು.
ಇದು ಗುಡಿಯಲ್ಲ, ಹಾಕ್ಕೋ ಅಂದೆ.
'ಹತ್ತಿ ಮೆತ್ತತಿತ್ತಪಾ ಅಂಗಾಲಿಗೆ, ರೂಢಿ' ಅಂದಳು,
ಆದರೂ ಹಾಕಿಕೊಂಡಳು.

ಸೊಲ್ಲಾಪುರದ ಈ ಗಿರಣಿ ನಿಂತು
ಬೋನಸ್ಸಿಲ್ಲದ ಇಪ್ಪತ್ತೇಳು ದೀಪಾವಳಿ.
ಭೋಂಗಾ ಕೂಗುತ್ತಿದ್ದ ಚಿಮಣಿಯ ಬುಡಕ್ಕೆ ಕಾಫಿ ಅಂಗಡಿ,
ರೀಲಿಂಗ್ ಖಾತೆಯ ಗೋಡೆಗೆಲ್ಲ ಸುಣ್ಣ.
ಸುಣ್ಣವಲ್ಲ, ಮುಂಬಯಿಯ ತುಟ್ಟಿ ಬಿಳಿ.
ಮೂರು ಕೈ ಹೊಡೆದರೂ ಬಿಲ್ಲೆ ತೂಗುವ ಮೊಳೆಗಳು
ಬೆವರುಸಾಲೆಯ ಹಾಗೆ ಎದ್ದೇ ಕಾಣುತ್ತವೆ.

ನಾನು ಅಕ್ಕಲಕೋಟೆಯ ಕನ್ನಡ ಶಾಲೆಯ ಚಿತ್ರಕಲಾ ಮಾಸ್ತರ.
ಕೊಡ, ತಂಬಿಗೆ, ಬದನೆಕಾಯಿ, ನೆರಳು ಎಡಕ್ಕೆ.
ಗ್ರೇಡ್ ಪರೀಕ್ಷೆಗೆ ಅಷ್ಟು ಸಾಕು.
ನವ್ಯಕಲೆ ಎಂಬುದನ್ನು ಪುಸ್ತಕದಲ್ಲಿ ಕಂಡದ್ದು
ಅಂಚೆಚೀಟಿಯಷ್ಟು, ಅದೂ ಕಪ್ಪು ಬಿಳುಪು.
ಪೂರ್ತಿ ಅಳತೆಯಲ್ಲಿ ನೋಡುವ ಆಸೆ, ಒಬ್ಬನೇ ಹೋಗಲು ಅಂಜಿಕೆ,
ಓಣಿಯ ನಿಂಬೆವ್ವನನ್ನು ಕರೆದೆ.
ಹತ್ತೊಂಬತ್ತು ವರ್ಷ ಇದೇ ಗೇಟಿನಿಂದ
ಒಳಗೆ ಬಂದವಳು.

ಮೊದಲ ಕೋಣೆಯಲ್ಲಿ ಒಡಕು ಬಾಬಿನ್ನುಗಳ ರಾಶಿ, ಮೇಲೊಂದು ದೀಪ.
ನಾನು ಕೈ ಹಿಂದೆ ಕಟ್ಟಿ, ತಲೆ ತುಸು ವಾರೆ ಮಾಡಿ ನಿಂತೆ,
ಅಕ್ಕಪಕ್ಕದವರು ನಿಂತ ಹಾಗೆ.
ಆಕೆ ಕುಕ್ಕುರುಗಾಲಲ್ಲಿ ಕೂತು ನೋಡಿದಳು:
'ಅರ್ಧ ನಮ್ಮವಲ್ಲ. ಬಾರ್ಶಿ ಕಡಿಯವು. ತೂತು ಸಣ್ಣದದ.'

ಎರಡನೆಯದು ಕತ್ತಲೆ. ಪರದೆಯ ಮೇಲೊಬ್ಬ ಗಂಡಸು
ಕಲ್ಲಂಗಡಿ ಹಣ್ಣು ಎತ್ತಿಕೊಂಡು ನಡೆಯುತ್ತಾನೆ,
ಹನ್ನೊಂದು ನಿಮಿಷ, ಎಲ್ಲಿಗೂ ಮುಟ್ಟುವುದಿಲ್ಲ.
'ಯಾರರ ಕೇಳಬಾರದೇನು ಅವಗ,
ಎಲ್ಲಿಗಿ ಹೊಂಟೀದಿ ಅಂತ.'

ಮೂರನೆಯದರಲ್ಲಿ ಕೆಂಪು.
ಅಷ್ಟೇ. ಛತ್ತಿನಿಂದ ನೆಲಕ್ಕೆ, ಗೋಡೆಯಿಂದ ಗೋಡೆಗೆ
ನಲವತ್ತು ವಾರ ಹತ್ತಿಬಟ್ಟೆ, ಒಂದೇ ಬಣ್ಣ.
ಚೀಟಿಯಲ್ಲಿ: ಶೀರ್ಷಿಕೆಯಿಲ್ಲ, ಏಳು.
ಗಂಟಲು ಕಟ್ಟಿತು ನನಗೆ, ಯಾಕೋ.
ಇಷ್ಟು ವರ್ಷ ಮಕ್ಕಳ ಬೆರಳು ಹಿಡಿದು ಹೇಳಿದ್ದೆ,
ಗೆರೆಯ ಹೊರಗೆ ಬಣ್ಣ ಹೋಗಬಾರದು.
ಇಲ್ಲಿ ಗೆರೆಯೇ ಇರಲಿಲ್ಲ.

ತಿರುಗಿ ನೋಡಿದರೆ ನಿಂಬೆವ್ವ ಬಟ್ಟೆಯ ಅಂಚು ಹಿಡಿದು
ಹೆಬ್ಬೆರಳಿಗೆ ಉಗುಳು ಹಚ್ಚಿ ತಿಕ್ಕುತ್ತಿದ್ದಾಳೆ.
ಕಾವಲಿನವನು ಓಡಿ ಬಂದ, ಫಲಕ ತೋರಿಸಿದ:
ಮರಾಠಿಯಲ್ಲಿ ಮುಟ್ಟಬೇಡಿ, ಇಂಗ್ಲಿಷಿನಲ್ಲಿ ಮುಟ್ಟಬೇಡಿ.
'ಕನ್ನಡದಾಗ ಬರದಿಲ್ಲಲ್ಲೋ ತಮ್ಮಾ' ಎಂದಳು
ಅವನದಕ್ಕಿಂತ ಚೊಕ್ಕ ಮರಾಠಿಯಲ್ಲಿ.

ಆಮೇಲೆ ನನ್ನ ಕಡೆಗೆ: 'ಕಚ್ಚಾ ಅದ ಮಾಸ್ತರ್ರ.
ಉಪ್ಪು ಕಡಿಮಿ ಬಿದ್ದದ, ಸೋಡಾಕ್ಕ ಅವಸರ ಮಾಡ್ಯಾರ.
ಒಂದು ಮಳಿಗಿ ಇಳೀತದ.'
ಗಿರಣಿ ಮುಚ್ಚಿದ ಮೇಲೆ ಎಂಟು ವರ್ಷ
ಚಾದರದ ರಂಗಖಾನೆಯಲ್ಲಿ ಮೊಣಕೈತನಕ ಮುಳುಗಿದವಳು.
ಆಗ ಆಕೆ ಕಲಸಿದ ಜೋಳದ ಹಿಟ್ಟು
ಒಂದು ದಿನ ಹಸಿರು, ಒಂದು ದಿನ ನೀಲಿ.

ಕಲಾವಿದೆ ಅಲ್ಲೇ ಇದ್ದಳು, ಗಿಡ್ಡ ಕೂದಲಿನ ಹುಡುಗಿ.
ಸಿಟ್ಟಾದಾಳು ಎಂದುಕೊಂಡೆ; ವಹಿ ತೆಗೆದಳು.
ಉಪ್ಪು ಎಷ್ಟು, ಮಾವಶಿ?
'ಎಷ್ಟಂದ್ರ? ನಾಲಿಗಿ ಮ್ಯಾಲ ಇಟ್ಟು ನೋಡಬೇಕು.
ಸಾರಿಗಿಂತ ಜಾಸ್ತಿ, ಉಪ್ಪಿನಕಾಯಿಗಿಂತ ಕಡಿಮಿ.'
ಅದನ್ನೂ ಬರೆದುಕೊಂಡಳು.
ಬಣ್ಣ ಇಳಿಯಲಿ ಅಂತಲೇ ಹೀಗೆ ಮಾಡಿದ್ದು, ಎಂದಳು ಮೆಲ್ಲಗೆ.
ನಿಜವೋ, ಮಾನ ಉಳಿಸಿಕೊಂಡಳೋ, ತಿಳಿಯಲಿಲ್ಲ.
ನಿಂಬೆವ್ವ ಏನೂ ಅನ್ನಲಿಲ್ಲ. ಬಿಳಿ ಗೋಡೆಯ ಹತ್ತಿರ ಹೋಗಿ
ಮೊಳೆಗಳನ್ನು ಬಲದಿಂದ ಎಣಿಸುತ್ತ ಬಂದು
ಒಂದರ ಎದುರು ನಿಂತಳು.

ಅಭಿಪ್ರಾಯದ ವಹಿಯಲ್ಲಿ ನಾನು
ಬಹಳ ಚೆನ್ನಾಗಿದೆ ಎಂದು ಬರೆದೆ, ಕಾಟು ಹಾಕಿದೆ,
ಹೆಸರು ಮಾತ್ರ ಉಳಿಸಿದೆ.

ಸಂಜೆಯ ಎಸ್ಟಿ. ಕಿಟಕಿಯ ಬೆಳಕಿಗೆ
ಹೆಬ್ಬೆರಳು ಹಿಡಿದು ತೋರಿಸಿದಳು:
ಉಗುರಿನ ಸುತ್ತ ಶೀರ್ಷಿಕೆಯಿಲ್ಲ, ಏಳು.
'ಬಾಕಿ ಪಗಾರ ಕೊಡ್ತೀವಿ ಬಾ ಅಂದ್ರ
ಒತ್ತಲಿಕ್ಕಿ ತಯಾರದ ನೋಡು' ಅಂದಳು,
ವಳಸಂಗ ದಾಟುವತನಕ ನಕ್ಕಳು.