ಪೆ

ಬಲಪಿಟಿಯದ ವಿಹಾರದಲ್ಲಿ ಭತ್ತದ ಕೋಣೆ ತೆರವು ಮಾಡಿ
ಮೂರು ಕಂಪ್ಯೂಟರ್ ಇಟ್ಟಿದ್ದರು.
ಸಮುದ್ರದ ಉಪ್ಪುಗಾಳಿ ನುಗ್ಗದಿರಲೆಂದು ಕಿಟಕಿಗೆ
ಯಾರೋ ಉಟ್ಟು ಸವೆಸಿದ ಚೀವರದ ತುಂಡು.
ಆ ಕಾವಿ ಬೆಳಕಿನಲ್ಲಿ ಹಗಲು ಪಾಳಿ ನನ್ನದು.
ಪಾಳಿಯಲ್ಲಿ ಪಾಳಿಯನ್ನೇ ಕುಟ್ಟುತ್ತಿದ್ದೆ,
ದಿನಕ್ಕೆ ಹದಿನಾಲ್ಕು ಪುಟ, ಅರ್ಥ ತಿಳಿಯದೆ.
ತಿಳಿಯದವರೇ ವಾಸಿ, ಅಂದಿದ್ದರು ಅನೋಮದಸ್ಸಿ ಥೇರರು,
ತಿಳಿದವರು ತಿದ್ದಿಬಿಡುತ್ತಾರೆ.

ಯಂತ್ರಕ್ಕೆ ಕಾಗುಣಿತ ಬರುತ್ತಿರಲಿಲ್ಲ.
ದೀರ್ಘಗಳನ್ನೆಲ್ಲ ಎಳೆದೊಯ್ದು ಸಾಲಿನ ಬಾಲಕ್ಕೆ ಕಟ್ಟಿತು,
ಖ-ವನ್ನು ಕ-ದ ಮನೆಯೊಳಗೆ ತುರುಕಿತು,
ಸೊನ್ನೆಯನ್ನು ಎಲ್ಲಿ ಕೂರಿಸಬೇಕೆಂದು ಹೊಳೆಯದೆ
ಸುಮ್ಮನೆ ನುಂಗಿಬಿಟ್ಟಿತು.
ಕೊಲಂಬೊದಿಂದ ಶನಿವಾರದ ರೈಲಿಗೆ ಬರುವ ಪ್ರಿಯಶಾಂತ
ರಾತ್ರಿಯಿಡೀ ಪಕ್ಕದಲ್ಲಿ ಕೂತು
ಇಲ್ಲದ ಅದರ ಬೆರಳು ಹಿಡಿದು ತಿದ್ದಿಸಿದ.

ಮೊದಲ ಪದಸೂಚಿ ಅಚ್ಚಾದದ್ದು ಪೋಯದ ಹಿಂದಿನ ಸಂಜೆ.
ಪ್ರಿಂಟರ್ ಕೀರಲು ದನಿಯಲ್ಲಿ ಗಂಟೆಗಟ್ಟಲೆ ಪಾರಾಯಣ ಮಾಡಿತು.
ಅಂಚಿಗೆಲ್ಲ ತೂತಿದ್ದ ಕಾಗದ ಮಡಿಕೆ ಮಡಿಕೆಯಾಗಿ
ನೆಲಕ್ಕಿಳಿದು ಹೊಸ್ತಿಲವರೆಗೂ ಹೋಯಿತು.
ಎಲ್ಲಕ್ಕಿಂತ ಹೆಚ್ಚು ಸಲ ಬಂದ ಪದ ಮೇಲುಗಡೆ:
ದುಕ್ಖ ಅಲ್ಲ. ಭಿಕ್ಖು ಅಲ್ಲ.
ಪೆ.

ಪ್ರಿಯಶಾಂತ ತಲೆ ಕೆರೆದುಕೊಂಡ.
ಥೇರರು ನಕ್ಕರು, ಬೊಚ್ಚುಬಾಯಿ ಪೂರ್ತಿ ಕಾಣುವ ಹಾಗೆ.
ಅದು ಪದವಲ್ಲ ಮಗು, ಓಲೆ ಕೊರೆಯುವವನ ಕೈ ಸೋತ ಗುರುತು.
ಹಿಂದೆ ಹೇಳಿದ್ದೇ ಮತ್ತೆ ಬಂದರೆ
ಪೆ ಎಂದು ಕೊರೆದು ಮುಂದೆ ಹೋಗುತ್ತಾನೆ.
ಇದೆ, ಬರೆದಿಲ್ಲ.
ಓದುವವನು ಬಾಯಿಂದ ತುಂಬಿಕೊಳ್ಳಬೇಕು.
ಹಾಗೆಂದು ಕಣ್ಣು ಮುಚ್ಚಿ
ಒಂದೇ ಒಂದು ಪೆ-ಯನ್ನು ಬಿಡಿಸಿ ಹೇಳಿದರು.
ಮುಗಿಯುವ ಹೊತ್ತಿಗೆ ನನ್ನ ಚಹಾ ಕೆನೆಗಟ್ಟಿತ್ತು.

ಎಲ್ಲರೂ ಹೋದ ಮೇಲೆ
ನನಗೆ ಬರುವ ಏಳೆಂಟು ಪದಗಳಲ್ಲಿ ಒಂದನ್ನು ಹುಡುಕಲು ಕೊಟ್ಟೆ:
ಭಾತಾ. ಅಣ್ಣ.
ರೆಪ್ಪೆ ಬಡಿಯುವಷ್ಟರಲ್ಲಿ ಸಂಪುಟ, ಪುಟ, ಸಾಲು.
ಎಷ್ಟು ಕಾಲದ ಹಿಂದಿನ ಎಷ್ಟೊಂದು ಅಣ್ಣಂದಿರು,
ಒಬ್ಬೊಬ್ಬನಿಗೂ ವಿಳಾಸ.

ಎಂಬತ್ತೊಂಬತ್ತರ ನವೆಂಬರಿನಲ್ಲಿ
ನಂಬರಿಲ್ಲದ ಜೀಪು ಹತ್ತಿಸಿಕೊಂಡು ಹೋದ ನಮ್ಮ ಲಲಂತನಿಗೆ
ಯಾವ ದಫ್ತರಿನಲ್ಲೂ ಸಾಲಿಲ್ಲ.
ಅಮ್ಮ ಅವನ ಶಾಲೆಯ ಫೋಟೋ ಹಿಡಿದು ತಿರುಗಿದಳು.
ಗಾಲೆಯಲ್ಲಿ: ಆ ಹೆಸರಿನವನು ಇಲ್ಲಿಲ್ಲ, ಆಚೆ ನಿಲ್ಲು.
ಬೂಸದಲ್ಲಿ: ಆ ಹೆಸರಿನವನು, ಪೆ.
ಮಾತರದಲ್ಲಿ: ಪೆ.
ಆಮೇಲಿನ ಊರುಗಳ ಹೆಸರು ನನಗೇ ಕಲಸಿಹೋಗಿವೆ.

ಮುಂದಿನ ವಾರ ಪ್ರಿಯಶಾಂತ
ಎಣಿಸಬಾರದವುಗಳ ಪಟ್ಟಿಗೆ ಪೆ-ಯನ್ನು ಸೇರಿಸಿದ.
ಸೂಚಿ ನಾಲ್ಕು ಬೆರಳು ತೆಳ್ಳಗಾಯಿತು.
ಸರಿಯೇ ಅದು, ಹುಡುಕುವವರಿಗೆ ಸಲೀಸು.
ಬೇಡದ ಹಾಳೆಗಳನ್ನು ಕೇಳಿ ಮನೆಗೆ ತಂದೆ,
ಒಣಮೀನು ಕಟ್ಟಲಿಕ್ಕಾದರೂ ಆದೀತು.

ಅಮ್ಮ ಹಾಳೆಯನ್ನು ದೀಪಕ್ಕೆ ಹಿಡಿದಳು.
ಉದ್ದಕ್ಕೂ ಒಂದೇ ಅಕ್ಷರ. ಏನಿದು?
ಹೇಳಿದ್ದನ್ನೇ ಹೇಳಬೇಕಾದ ಕಡೆ
ಬೇಸತ್ತು ಬಿಟ್ಟ ಜಾಗ, ಅಂದೆ.
ಯಾರಿಗೆ ಬೇಸರ? ಅಂದಳು.
ಕೈಯ ಹೊಟ್ಟನ್ನು ಸೆರಗಿಗೆ ಒರೆಸಿಕೊಂಡು
ಗೋಡೆಗೊರಗಿ ಕೂತಳು.
ಗಾಲೆಯ ಗೇಟಿನ ಹತ್ತಿರ ಒಂದು ಬಾದಾಮಿ ಮರ,
ಆವತ್ತು ಬುಧವಾರ, ಒಂಬತ್ತಕ್ಕೆ ಒಳಗೆ ಬಿಟ್ಟರು,
ಮೇಜಿನ ಹಿಂದೆ ಇದ್ದವನಿಗೆ ನೆಗಡಿ,